ಸ್ಕ್ಯಾನ್ ಮಾಡಿಸುವ ಮೊದಲು ಒಂದು ಪ್ರಶ್ನೆ

2025ರ ಜುಲೈ ಮೊದಲ ವಾರ. ನಮ್ಮ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿಗಿಂತ ಹೆಚ್ಚಾಗಿ ಹರಿದಾಡುತ್ತಿದ್ದುದು ಹಾಸನ ಜಿಲ್ಲೆಯ ಸಾವಿನ ಸುದ್ದಿಗಳು. ನಾನು ಅರಸೀಕೆರೆಯವನಾದ್ದರಿಂದ ಎಲ್ಲರೂ ನನ್ನನ್ನೇ ಹಿಡಿದು ಕೇಳುತ್ತಿದ್ದರು: ‘ಏನೋ ಮಗಾ, ನಿಮ್ಮೂರ ಕಡೆ ಏನಾಗ್ತಿದೆ?’ ನನಗೇನು ಗೊತ್ತು? ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತಿರುವುದನ್ನು ಟಿ.ವಿ.ಯಲ್ಲಿ ಅವರು ನೋಡಿದ ಹಾಗೆಯೇ ನಾನೂ ನೋಡುತ್ತಿದ್ದೆ.

ಅದೇ ವಾರ ಗುಂಪಿಗೆ ಇನ್ನೊಂದು ಚಿತ್ರ ಬಂದು ಬಿತ್ತು. ಒಂದು ಡಯಾಗ್ನಾಸ್ಟಿಕ್ ಸೆಂಟರಿನ ಜಾಹೀರಾತು. ಹೃದಯದ ಸಿ.ಟಿ. ಸ್ಕ್ಯಾನ್ ಸೇರಿದ ಪ್ಯಾಕೇಜು, ವಿದ್ಯಾರ್ಥಿಗಳಿಗೆ ವಿಶೇಷ ರಿಯಾಯಿತಿ, ವೈದ್ಯರ ಚೀಟಿ ಬೇಕಿಲ್ಲ. ನಾವು ರೂಮಿನ ಮೂವರೂ ಮೆಸ್ ಬಿಲ್ಲಿನ ದುಡ್ಡಿನಲ್ಲಿ ಅದನ್ನು ಮಾಡಿಸುವುದೆಂದು ತೀರ್ಮಾನಿಸಿದೆವು. ಇಪ್ಪತ್ತು ವರ್ಷದ ಹುಡುಗರು ನಾವು. ನಿಜವಾಗಿ ಯಾರ ಹೃದಯದ ಬಗ್ಗೆ ಯೋಚಿಸಬೇಕಿತ್ತೋ ಅವರು, ನನ್ನ ಅಪ್ಪ, ಅದೇ ಹೊತ್ತಿಗೆ ತಿಪಟೂರು ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಟೆಂಪೊ ಓಡಿಸುತ್ತ, ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅನ್ನುತ್ತಿದ್ದರು.

ಆಮೇಲಿನ ಆರು ತಿಂಗಳಲ್ಲಿ ಹೃದಯದ ಸ್ಕ್ಯಾನ್ ಬಗ್ಗೆ ನಾನು ಕಲಿತದ್ದು ಒಂದೇ ಮಾತಿನಲ್ಲಿ ಹೇಳಬಹುದು. ಈ ಸ್ಕ್ಯಾನ್ ಒಳ್ಳೆಯ ಸಾಧನ, ಆದರೆ ನಾವು ಅದನ್ನು ಬೇಡದವರಿಗೆ ಮಾಡಿಸಿ, ಬೇಕಾದವರಿಗೆ ಮಾಡಿಸದೆ ಬಿಡುತ್ತಿದ್ದೇವೆ.

ಭಯಕ್ಕೂ ಲೆಕ್ಕಕ್ಕೂ ವ್ಯತ್ಯಾಸ

ಮೊದಲು ಹಾಸನದ ಮಾತು ಮುಗಿಸಿಬಿಡುತ್ತೇನೆ. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಅದು 24 ಸಾವುಗಳನ್ನು ಪರಿಶೀಲಿಸಿ, ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲವೆಂದೂ, ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲವೆಂದೂ ಹೇಳಿತು. ತೀರಿಕೊಂಡವರಲ್ಲಿ ಆಟೊ, ಕ್ಯಾಬ್ ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದರು ಎಂಬುದನ್ನೂ ಗುರುತಿಸಿತು. ಆ ವರದಿ ಓದಿದಾಗ ನನಗೆ ಸಮಾಧಾನವೂ ಆಯಿತು, ಕಸಿವಿಸಿಯೂ ಆಯಿತು. ‘ಅಸಹಜವಾಗಿ ಏರಿಲ್ಲ’ ಎಂದರೆ ಪ್ರತಿ ವರ್ಷವೂ ಇಷ್ಟೇ ಜನ ಸಾಯುತ್ತಿದ್ದರು, ಈ ಸಲ ಮಾತ್ರ ನಾವು ಎಣಿಸಿದೆವು ಎಂದೇ ಅರ್ಥ ತಾನೆ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು. ನಾನಾಗ ಪಿಯುಸಿಯಲ್ಲಿದ್ದೆ. ಜಯದೇವಕ್ಕೆ ತಪಾಸಣೆಗೆ ಜನ ಮುಗಿಬಿದ್ದರು. ಕೆಲವು ವಾರಗಳ ನಂತರ ಎಲ್ಲವೂ ಮೊದಲಿನಂತಾಯಿತು. ಹೃದಯದ ಕಾಯಿಲೆ ಬೆಳೆಯುವುದಕ್ಕೆ ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ, ನಮ್ಮ ಭಯ ಇಪ್ಪತ್ತು ಮೂವತ್ತು ದಿನಕ್ಕೆ ಇಳಿದುಹೋಗುತ್ತದೆ.

ಅಪ್ಪ ಮತ್ತು ಬೇಡವಾದ ಮಾತ್ರೆ

ನನ್ನ ಚಿಕ್ಕಪ್ಪ ತೀರಿಕೊಂಡಿದ್ದು 44ನೇ ವಯಸ್ಸಿಗೆ. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಮೋಟಾರು ಮನೆಯ ಮುಂದೆ ಕುಸಿದಿದ್ದರು. ‘ಗ್ಯಾಸ್ಟ್ರಿಕ್ ಕಣೋ’ ಎಂದು ಹಿಂದಿನ ರಾತ್ರಿ ಎದೆ ಉಜ್ಜಿಕೊಳ್ಳುತ್ತಿದ್ದರಂತೆ. ಅಪ್ಪನಿಗೆ ಈಗ 52. ಬೀಡಿ ಬಿಟ್ಟು ಹತ್ತು ವರ್ಷವಾಯಿತು, ಶುಗರ್ ಇಲ್ಲ. ಬಿ.ಪಿ. ಕೆಲವು ಸಲ 136, ಕೆಲವು ಸಲ 142. ಕಳೆದ ಆಗಸ್ಟಿನಲ್ಲಿ ಅಮ್ಮನ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 146 ಇತ್ತು. ವೈದ್ಯರು ಒಂದು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರು.

ಅಪ್ಪ ಆ ಚೀಟಿಯನ್ನು ಟೆಂಪೊದ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಅದು ಅಲ್ಲೇ ಬಿಸಿಲಿಗೆ ಹಳದಿಯಾಯಿತು. ಕೇಳಿದರೆ ಒಂದೇ ಉತ್ತರ: ‘ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ನುಂಗ್ಬೇಕು. ಅದ್ರ ಸೈಡ್ ಎಫೆಕ್ಟು ಬೇರೆ. ಹೋದ ವರ್ಷ ಟಿಎಂಟಿ ಮಾಡಿಸಿದ್ದೆನಲ್ಲ, ನಾರ್ಮಲ್ಲು ಅಂದ್ರಲ್ಲ?’

ಈ ಮಾತು ನಮ್ಮ ಮನೆಯಲ್ಲಿ ಮಾತ್ರ ಕೇಳುವುದಲ್ಲ, ನಿಮ್ಮ ಮನೆಯಲ್ಲೂ ಕೇಳಿರಬಹುದು. ಟಿಎಂಟಿ ಎಂದರೆ ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿ ನೋಡುವುದು. ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ನಾಳ ಕಿರಿದಾಗಿದ್ದರೆ ಅದು ಸಾಮಾನ್ಯವಾಗಿ ತೋರಿಸುತ್ತದೆ. ಆದರೆ ಹೃದಯಾಘಾತಕ್ಕೆ ನಾಳ ಮೊದಲೇ ಮುಕ್ಕಾಲು ಮುಚ್ಚಿರಬೇಕೆಂದಿಲ್ಲ. ನಾಳದ ಗೋಡೆಯೊಳಗೆ ಕೂತ ಜಿಡ್ಡಿನ ಪದರ ಒಂದು ದಿನ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಸಾಕು, ಅರ್ಧವೂ ಮುಚ್ಚಿರದ ನಾಳ ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ‘ಟಿಎಂಟಿ ನಾರ್ಮಲ್’ ಎನ್ನುವುದು ಇವತ್ತಿನ ಹರಿವಿನ ವರದಿ, ಗೋಡೆಯೊಳಗೆ ಏನಿದೆ ಎಂಬುದರ ವರದಿ ಅಲ್ಲ.

ಗಣೇಶ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನನ್ನು ಮತ್ತೆ ವೈದ್ಯರ ಬಳಿ ಎಳೆದುಕೊಂಡು ಹೋದೆ. ಅವರು ಹೇಳಿದ್ದು ಇಷ್ಟು: ‘ನನ್ನ ಪ್ರಕಾರ ನೀವು ಮಾತ್ರೆ ತಗೋಬೇಕು. ನಿಮಗೆ ಒಪ್ಪಿಗೆ ಇಲ್ಲ. ನಿಮ್ಮ ಲೆಕ್ಕ ನಡುವೆ ಬರುತ್ತೆ, ಅಪಾಯ ತೀರಾ ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ. ಹಿಂಗೆ ಅನುಮಾನ ಇದ್ದಾಗ ಒಂದು ಕ್ಯಾಲ್ಸಿಯಂ ಸ್ಕ್ಯಾನ್ ಮಾಡಿಸಿ ನೋಡಬಹುದು. ಆದ್ರೆ ಒಂದು ಮಾತು ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಕಂಡರೆ ಮಾತ್ರೆ ತಗೋತೀರಾ? ತಗೊಳ್ಳೋದಿಲ್ಲ ಅನ್ನೋದಾದ್ರೆ ಸ್ಕ್ಯಾನೇ ಬೇಡ, ದುಡ್ಡು ಉಳಿಸಿ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು ಸಾರ್’ ಅಂದರು. ಜಾಹೀರಾತಿನಲ್ಲಿ ನಾವು ಕಾಣದಿದ್ದುದು ಈ ಪ್ರಶ್ನೆಯೇ: ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ?

ಒಬ್ಬ ಎಂಜಿನಿಯರ್, ಒಬ್ಬ ವೈದ್ಯ, ಒಂದು ಅಂಕ

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯಾದ ನನಗೆ ಈ ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ. ಸಿ.ಟಿ. ಸ್ಕ್ಯಾನರನ್ನು ರೂಪಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಎಂಜಿನಿಯರ್. ಇಂಗ್ಲೆಂಡಿನ ಇಎಂಐ ಕಂಪನಿಯಲ್ಲಿ ಕೆಲಸಕ್ಕಿದ್ದರು. ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಅದೇ ಇಎಂಐ. 1979ರಲ್ಲಿ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಎಕ್ಸ್‌ರೇಯನ್ನು ದೇಹದ ಅಂಶವೊಂದು ಎಷ್ಟು ತಡೆಯುತ್ತದೆ ಎಂಬುದನ್ನು ಇವತ್ತಿಗೂ ಅವರ ಹೆಸರಿನ ಅಳತೆಯಲ್ಲೇ ಹೇಳುತ್ತಾರೆ. ನೀರಿಗೆ 0, ಗಾಳಿಗೆ ಮೈನಸ್ 1000.

1990ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ಹೃದಯದ ರಕ್ತನಾಳಗಳಲ್ಲಿನ ಕ್ಯಾಲ್ಸಿಯಂ ಅಳೆಯಲು ಒಂದು ಸರಳ ಲೆಕ್ಕ ಕೊಟ್ಟರು. ಚಿತ್ರದಲ್ಲಿ 130 ಹೌನ್ಸ್‌ಫೀಲ್ಡ್‌ಗಿಂತ ಹೆಚ್ಚು ಬೆಳ್ಳಗೆ ಕಾಣುವ ಚುಕ್ಕೆಗಳನ್ನು ಗುರುತಿಸಬೇಕು. ಪ್ರತಿ ಚುಕ್ಕೆಯ ವಿಸ್ತೀರ್ಣವನ್ನು, ಅದು ಎಷ್ಟು ದಟ್ಟವಾಗಿದೆ ಎಂಬುದಕ್ಕೆ ತಕ್ಕಂತೆ 1ರಿಂದ 4ರವರೆಗಿನ ಅಂಕದಿಂದ ಗುಣಿಸಬೇಕು. ಎಲ್ಲವನ್ನೂ ಕೂಡಿದರೆ ಬರುವುದೇ ಕ್ಯಾಲ್ಸಿಯಂ ಸ್ಕೋರ್. 5 ಚದರ ಮಿಲಿಮೀಟರಿನ ಚುಕ್ಕೆಯ ದಟ್ಟತೆ 350 ಇದ್ದರೆ ಅದಕ್ಕೆ 3 ಅಂಕ, ಅಂದರೆ 15. ಪ್ರೈಮರಿ ಶಾಲೆಯ ಗಣಿತ!

ಮಿಡಿಯುವ ಹೃದಯದ ಚಿತ್ರ ಮಸುಕಾಗದಂತೆ ತೆಗೆಯುವುದು ಹೇಗೆ? ಎದೆಗೆ ಅಂಟಿಸಿದ ಇಸಿಜಿ ತಂತಿಗಳ ಸಂಕೇತ ನೋಡಿಕೊಂಡು, ಎರಡು ಬಡಿತಗಳ ನಡುವೆ ಹೃದಯ ಹೆಚ್ಚು ಅಲ್ಲಾಡದ ಕ್ಷಣದಲ್ಲಿ ಯಂತ್ರ ಚಿತ್ರ ತೆಗೆಯುತ್ತದೆ. ಸೂಜಿ ಚುಚ್ಚುವುದಿಲ್ಲ, ಬಣ್ಣದ ದ್ರವ ಬಿಡುವುದಿಲ್ಲ. ಕೆಲವು ಸೆಕೆಂಡು ಉಸಿರು ಬಿಗಿ ಹಿಡಿದರೆ ಆಯಿತು. ವಿಕಿರಣ ಸುಮಾರು 1 ಮಿಲಿಸೀವರ್ಟ್. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಕಡಿಮೆಯೇ, ಆದರೆ ಸೊನ್ನೆಯಲ್ಲ.

ಈ ಅಂಕಕ್ಕೆ ಬೆಲೆ ಬಂದದ್ದು ಮೀಸಾ ಎಂಬ ದೊಡ್ಡ ಅಧ್ಯಯನದಿಂದ. 2000ರಿಂದ 2002ರ ನಡುವೆ ಅಮೆರಿಕದ ಆರು ಕಡೆ, 45ರಿಂದ 84 ವಯಸ್ಸಿನ, ಹೃದಯದ ಕಾಯಿಲೆ ಕಾಣಿಸಿಕೊಂಡಿರದ 6,814 ಜನರನ್ನು ಅದಕ್ಕೆ ಸೇರಿಸಿಕೊಂಡರು. ಅವರಲ್ಲಿ ಸುಮಾರು ಅರ್ಧ ಜನರ ಸ್ಕೋರ್ ಸೊನ್ನೆ. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ, ಸ್ಕೋರ್ 100 ದಾಟಿದವರಲ್ಲಿ ಹೃದಯದ ತೊಂದರೆಗಳ ಅಪಾಯ ಸೊನ್ನೆಯವರಿಗಿಂತ ಏಳು ಪಟ್ಟಿಗೂ ಹೆಚ್ಚಿತ್ತು. ಇದರ ಆಧಾರದ ಮೇಲೆ ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ, ಮಾತ್ರೆ ಕೊಡಬೇಕೋ ಬೇಡವೋ ಎಂಬ ಅನುಮಾನವಿರುವ ಮಧ್ಯಮ ಅಪಾಯದವರಿಗೆ ಈ ಸ್ಕ್ಯಾನ್ ಬಳಸಬಹುದು ಎಂದಿತು. 100 ದಾಟಿದರೆ ಮಾತ್ರೆ ಕೊಡಿ. ಸೊನ್ನೆಯಿದ್ದರೆ ಸದ್ಯಕ್ಕೆ ಮುಂದೂಡಬಹುದು. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ, ಸಿಗರೇಟು ಸೇದುವವರಿಗೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿಗೆ ಸೊನ್ನೆಯ ಆ ರಿಯಾಯಿತಿ ಇಲ್ಲ.

303 ಸಾಲುಗಳ ಪ್ರಾಜೆಕ್ಟು

ಇಲ್ಲಿ ಎಂಜಿನಿಯರಿಂಗ್ ಗೆಳೆಯರಿಗೆ ಒಂದು ವಿಷಯ ಹೇಳಬೇಕು. ನಮ್ಮ ಕಾಲೇಜುಗಳಲ್ಲಿ ಪ್ರತಿ ಬ್ಯಾಚಿನಲ್ಲೂ ಕನಿಷ್ಠ ಎರಡು ತಂಡವಾದರೂ ‘ಮೆಷಿನ್ ಲರ್ನಿಂಗ್ ಬಳಸಿ ಹೃದ್ರೋಗದ ಮುನ್ಸೂಚನೆ’ ಎಂಬ ಮಿನಿ ಪ್ರಾಜೆಕ್ಟ್ ಮಾಡುತ್ತವೆ. ನಾನೂ ಮಾಡಿದ್ದೇನೆ. ಎಲ್ಲರೂ ಇಳಿಸಿಕೊಳ್ಳುವುದು ಅದೇ ಕ್ಲೀವ್‌ಲ್ಯಾಂಡ್ ಡೇಟಾಸೆಟ್, 303 ಸಾಲುಗಳು. ‘88 ಪರ್ಸೆಂಟ್ ಅಕ್ಯುರಸಿ ಬಂತು ಮೇಡಂ’ ಎಂದು ಸ್ಲೈಡ್ ತೋರಿಸಿ ಅಂಕ ಪಡೆದೆವು.

ಅಪ್ಪನ ಸ್ಕ್ಯಾನಿನ ಬಗ್ಗೆ ಓದುವಾಗ ಒಂದು ಹೆಸರು ಕಣ್ಣಿಗೆ ಬಿತ್ತು: ರಾಬರ್ಟ್ ಡೆಟ್ರಾನೊ. ನಮ್ಮ ಪ್ರಾಜೆಕ್ಟಿನ ಆ 303 ಸಾಲುಗಳನ್ನು 1980ರ ದಶಕದಲ್ಲಿ ಒದಗಿಸಿದವರು ಅವರೇ. ಮೀಸಾದ 2008ರ ಕ್ಯಾಲ್ಸಿಯಂ ಫಲಿತಾಂಶದ ಮೊದಲ ಲೇಖಕರೂ ಅವರೇ. ಹಳೆಯ ಸಣ್ಣ ಡೇಟಾದಿಂದ ಅವರು ಸಾವಿರಾರು ಜನರ ಅಧ್ಯಯನಕ್ಕೆ ಹೋದರು. ನಾವು ಇನ್ನೂ ಆ 303ರಲ್ಲೇ ಸುತ್ತುತ್ತಿದ್ದೇವೆ.

ತಮಾಷೆ ಅಷ್ಟಕ್ಕೆ ನಿಲ್ಲುವುದಿಲ್ಲ. ಆ 303 ಜನ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಗೆ ಬಂದವರು. ಮೀಸಾದಲ್ಲಿ ಬಿಳಿಯರು, ಕರಿಯರು, ಹಿಸ್ಪಾನಿಕ್ ಮತ್ತು ಚೀನೀ ಮೂಲದವರಿದ್ದರು, ನಮ್ಮವರಿಗೆ ಅದರಲ್ಲಿ ಜಾಗವಿರಲಿಲ್ಲ. ಆ ಕೊರತೆ ತುಂಬಲು 2010ರಲ್ಲಿ ಮಸಾಲಾ ಎಂಬ ಅಧ್ಯಯನ ಶುರುವಾಯಿತು. ಹೌದು, ಹೆಸರೇ ಅದು! ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಸುತ್ತಮುತ್ತ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದ 906 ಜನರಿಂದ ಅದು ಆರಂಭವಾಯಿತು. ನಮ್ಮ ಮೂಲದ ಗಂಡಸರ ಕ್ಯಾಲ್ಸಿಯಂ ಪ್ರಮಾಣ ಅಲ್ಲಿನ ಬಿಳಿ ಗಂಡಸರಷ್ಟೇ, ಉಳಿದ ಗುಂಪುಗಳಿಗಿಂತ ಹೆಚ್ಚು ಎಂದು ಅದು ತೋರಿಸಿತು. ಆದರೂ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಎಂಜಿನಿಯರಿಗೂ, ರಾತ್ರಿ ಎರಡಕ್ಕೆ ನೆಲಮಂಗಲ ಟೋಲಿನಲ್ಲಿ ಟೀ ಕುಡಿಯುವ ನನ್ನಪ್ಪನಿಗೂ ಎಷ್ಟು ಸಾಮ್ಯ?

ಸ್ಕ್ಯಾನಿನ ಪರವಾಗಿ ನನಗೆ ಅತ್ಯಂತ ಬಲವಾಗಿ ಕಾಣುವ ವಾದ ಇದೇ. ವಯಸ್ಸು, ಬಿ.ಪಿ., ಕೊಲೆಸ್ಟ್ರಾಲ್ ಹಾಕಿ ಲೆಕ್ಕ ಕಟ್ಟುವ ಯಾವ ಕೋಷ್ಟಕವೂ ‘ನಿನ್ನಂಥ ನೂರು ಜನರಲ್ಲಿ ಇಷ್ಟು ಮಂದಿಗೆ ಆಗಬಹುದು’ ಎನ್ನುತ್ತದೆ. ಆ ನೂರು ಜನ ಬೇರೆ ದೇಶದವರು. ಸ್ಕ್ಯಾನ್ ಮಾತ್ರ ಈ ಮನುಷ್ಯನ ಈ ನಾಳದಲ್ಲಿ ಇಷ್ಟು ಕಾಲದಲ್ಲಿ ಏನಾಗಿದೆ ಎಂದು ನೋಡುತ್ತದೆ.

‘ಹಂಡೇಲಿ ಸುಣ್ಣ ಕಟ್ಟಿದ ಹಾಗೆ’

ಅಪ್ಪನ ಸ್ಕೋರ್ 168 ಬಂತು.

ವೈದ್ಯರು ಕಂಪ್ಯೂಟರ್ ಪರದೆ ತಿರುಗಿಸಿ ಬಿಳಿ ಚುಕ್ಕೆಗಳನ್ನು ತೋರಿಸಿದರು. ಅಪ್ಪ ಮುಂದೆ ಬಾಗಿ ನೋಡಿ, ‘ಬೋರಿನ ನೀರು ಕಾಯ್ಸಿ ಕಾಯ್ಸಿ ಹಂಡೇಲಿ ಸುಣ್ಣ ಕಟ್ಟುತ್ತಲ್ಲ, ಹಂಗೆ’ ಅಂದರು. ಮರುಕ್ಷಣವೇ ಕೇಳಿದರು: ‘ಹಂಗಾದ್ರೆ ಕೆರೆದು ತೆಗೆಸಿಬಿಡಿ ಸಾರ್, ಇಲ್ಲಾಂದ್ರೆ ಸ್ಟೆಂಟ್ ಹಾಕಿ.’

ವೈದ್ಯರು ತಾಳ್ಮೆಯಿಂದ ವಿವರಿಸಿದರು. ಹಂಡೆಯ ಸುಣ್ಣದ ಹಾಗೆ ಇದು ಕೊಳವೆಯ ಒಳಮೈಗೆ ಅಂಟಿಕೊಂಡಿದ್ದಲ್ಲ, ಗೋಡೆಯ ಒಳಗಿನದು. ವರ್ಷಗಟ್ಟಲೆ ಜಿಡ್ಡು ಕೂತು, ದೇಹ ಅದನ್ನು ಮಾಗಿಸಲು ಯತ್ನಿಸಿದ ಗಾಯದ ಗುರುತು. ಕ್ಯಾಲ್ಸಿಯಂ ಕಂಡಿತೆಂದರೆ ಅದರ ಸುತ್ತಮುತ್ತ ಸ್ಕ್ಯಾನಿಗೆ ಕಾಣದ ಮೆತ್ತನೆಯ ಜಿಡ್ಡೂ ಇದೆ ಎಂದರ್ಥ. ಒಡೆಯುವ ಭಯವಿರುವುದು ಅದಕ್ಕೆ. ಮಾತ್ರೆ ಬೇಕಿರುವುದು ಅದನ್ನು ಗಟ್ಟಿಗೊಳಿಸಿ ಸುಮ್ಮನಿರಿಸಲು.

ಸ್ಟೆಂಟ್ ವಿಷಯದಲ್ಲಿ ನಮ್ಮ ಜನರಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಥಿರವಾಗಿರುವ ಕಾಯಿಲೆಗೆ, ಮಾತ್ರೆಗಳ ಜೊತೆಗೆ ಮುಂಚೆಯೇ ಸ್ಟೆಂಟ್ ಅಥವಾ ಬೈಪಾಸ್ ಮಾಡುವುದರಿಂದ ಸಾವು ಕಡಿಮೆಯಾಗುವುದೇ ಎಂದು 5,179 ಜನರ ಮೇಲೆ ಇಸ್ಕೀಮಿಯಾ ಎಂಬ ಪ್ರಯೋಗ ನಡೆಯಿತು. 2020ರಲ್ಲಿ ಪ್ರಕಟವಾದ ಉತ್ತರ: ಕಡಿಮೆಯಾಗಲಿಲ್ಲ. ಎದೆನೋವು ಕಡಿಮೆಯಾಗಬಹುದು, ಆಯಸ್ಸು ಹೆಚ್ಚಲಿಲ್ಲ. ಅಂದಮೇಲೆ ನೋವೇ ಇಲ್ಲದ ಮನುಷ್ಯ ಸ್ಕ್ಯಾನಿನ ಅಂಕ ಹಿಡಿದುಕೊಂಡು ಸ್ಟೆಂಟಿಗೆ ಓಡಬಾರದು. ಯಾರಾದರೂ ಓಡಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬೇಕು.

ಸ್ಕ್ಯಾನಿನ ಲಾಭ ಬೇರೆ ದಾರಿಯಿಂದ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಎದೆನೋವೆಂದು ಬಂದ 4,146 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ತಪಾಸಣೆಯ ಜೊತೆ ಸಿ.ಟಿ. ಆಂಜಿಯೊಗ್ರಾಮ್ ಮಾಡಿದರು. ಇದು ಕ್ಯಾಲ್ಸಿಯಂ ಸ್ಕ್ಯಾನ್ ಅಲ್ಲ, ಬಣ್ಣದ ದ್ರವ ಬಿಟ್ಟು ನಾಳಗಳನ್ನೇ ನೋಡುವ ಇನ್ನೊಂದು ಬಗೆ. ಐದು ವರ್ಷದ ಬಳಿಕ ನೋಡಿದರೆ, ಸ್ಕ್ಯಾನ್ ಆದವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಅಥವಾ ಹೃದಯಾಘಾತವಾದವರು ಶೇ 2.3, ಇನ್ನೊಂದು ಗುಂಪಿನಲ್ಲಿ ಶೇ 3.9. ಹಾಗೆಂದು ಸ್ಕ್ಯಾನ್ ಆದವರಿಗೆ ಹೆಚ್ಚು ಸ್ಟೆಂಟ್, ಬೈಪಾಸ್ ಮಾಡಿರಲಿಲ್ಲ, ಐದು ವರ್ಷದಲ್ಲಿ ಎರಡೂ ಗುಂಪಿನಲ್ಲಿ ಅವು ಹೆಚ್ಚುಕಡಿಮೆ ಸಮ. ವ್ಯತ್ಯಾಸವಿದ್ದುದು ಮಾತ್ರೆಯಲ್ಲಿ. ಯಾರಿಗೆ ಬೇಕೋ ಅವರಿಗೆ ಮುನ್ನೆಚ್ಚರಿಕೆಯ ಮಾತ್ರೆ ಹೆಚ್ಚಾಗಿ ಸಿಕ್ಕಿತು.

ನಮ್ಮ ಮನೆಯಲ್ಲೂ ಅದೇ ಆಯಿತು. ಹಳದಿಯಾದ ಚೀಟಿ ಡ್ಯಾಶ್‌ಬೋರ್ಡಿನಿಂದ ಮೆಡಿಕಲ್ ಶಾಪಿಗೆ ಹೋಯಿತು. ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆ. ಮೂರು ತಿಂಗಳ ನಂತರ ಎಲ್‌ಡಿಎಲ್ 84ಕ್ಕೆ ಇಳಿದಿತ್ತು. ಅಪ್ಪ ಮಾತ್ರ ಹೊಸ ಹಟ ಹಿಡಿದರು: ‘ಇನ್ನೊಂದ್ಸಲ ಸ್ಕ್ಯಾನ್ ಮಾಡಿಸೋಣ, ಸುಣ್ಣ ಎಷ್ಟು ಕರಗಿದೆ ನೋಡೋಣ.’

ಸೂತ್ರ ಓದಿದ್ದು ಆಗ ಉಪಯೋಗಕ್ಕೆ ಬಂತು. ಸ್ಟ್ಯಾಟಿನ್ ತೆಗೆದುಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಎಷ್ಟೋ ಸಲ ಏರುತ್ತದೆ! ಮೆತ್ತನೆಯ ಜಿಡ್ಡು ಗಟ್ಟಿಯಾದಂತೆ ದಟ್ಟತೆ ಹೆಚ್ಚುತ್ತದೆ, ಸೂತ್ರ ದಟ್ಟತೆಗೆ ಹೆಚ್ಚು ಅಂಕ ಕೊಡುತ್ತದೆ. ಆದರೆ ಮೀಸಾ ತಂಡದವರೇ 2014ರಲ್ಲಿ ತೋರಿಸಿದ ಪ್ರಕಾರ, ಅಷ್ಟೇ ಗಾತ್ರದ ಕ್ಯಾಲ್ಸಿಯಂ ಹೆಚ್ಚು ದಟ್ಟವಾಗಿದ್ದರೆ ಅಪಾಯ ಕಡಿಮೆ. ಅಂದರೆ ಚಿಕಿತ್ಸೆ ಫಲಿಸಿದರೂ ಅಂಕ ಕೆಟ್ಟದಾಗಿ ಕಾಣಬಹುದು. ಒಮ್ಮೆ ಮಾತ್ರೆ ಶುರುವಾದ ಮೇಲೆ ನೋಡಬೇಕಾದ್ದು ಎಲ್‌ಡಿಎಲ್ ಮತ್ತು ಬಿ.ಪಿ., ಸ್ಕೋರ್ ಅಲ್ಲ. ‘ಅಪ್ಪಾ, ಇದು ಎಂಟ್ರೆನ್ಸ್ ಪರೀಕ್ಷೆ ಇದ್ದ ಹಾಗೆ, ಸೀಟು ಸಿಕ್ಕ ಮೇಲೆ ಮತ್ತೆ ಬರೆಯೋದಿಲ್ಲ’ ಎಂದೆ. ಅದು ಅವರಿಗೆ ಅರ್ಥವಾಯಿತು.

ನನ್ನ ಸರದಿ

ಅವತ್ತು ವೈದ್ಯರನ್ನು ನನಗಾಗಿಯೂ ಕೇಳಿದ್ದೆ: ‘ಸರ್, ನಾನೂ ಸ್ಕ್ಯಾನ್ ಮಾಡಿಸ್ಲಾ?’ ಅವರು ನಕ್ಕರು. ‘ನಿನಗೆ ಇಪ್ಪತ್ತು. ಸೊನ್ನೆ ಬರುತ್ತೆ. ಜಿಡ್ಡು ಸುಣ್ಣ ಆಗೋಕೆ ಎಷ್ಟೋ ವರ್ಷ ಬೇಕು. ಆ ಸೊನ್ನೆ ನೋಡಿ ನೀನು ಧೈರ್ಯವಾಗಿ ಸಿಗರೇಟು ಹಚ್ಚಿದ್ರೆ? ಈ ಸ್ಕ್ಯಾನ್ ನಲವತ್ತು ದಾಟಿದವರ ಅನುಮಾನ ಪರಿಹಾರಕ್ಕೆ.’

ಅದರ ಬದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಕಾರ್ಡಿಯೊಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಮೊದಲ ಕೊಲೆಸ್ಟ್ರಾಲ್ ಪರೀಕ್ಷೆ 18ನೇ ವಯಸ್ಸಿಗೇ ಆಗಬೇಕು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವಿದ್ದರೆ ಅದಕ್ಕೂ ಮುಂಚೆ. ಜೀವನದಲ್ಲಿ ಒಮ್ಮೆಯಾದರೂ ಲೈಪೊಪ್ರೋಟೀನ್-ಎ ನೋಡಬೇಕು. ಇದು ಬಹುಮಟ್ಟಿಗೆ ಅನುವಂಶೀಯ, ಊಟ ವ್ಯಾಯಾಮದಿಂದ ಹೆಚ್ಚು ಬದಲಾಗದು. 50 ಮಿಲಿಗ್ರಾಂ ದಾಟಿದರೆ ಹೆಚ್ಚು ಎಂದು ಲೆಕ್ಕ.

ನನ್ನದು 62 ಇತ್ತು.

ಚಿಕ್ಕಪ್ಪ ಮೋಟಾರು ಮನೆಯ ಮುಂದೆ ಕುಸಿದದ್ದು ಕಣ್ಣ ಮುಂದೆ ಬಂತು. ಆ ಪ್ಯಾಕೇಜಿನ ಸ್ಕ್ಯಾನ್ ನನಗೆ ದೊಡ್ಡದೊಂದು ಸೊನ್ನೆ ಕೊಟ್ಟು ಕಳಿಸುತ್ತಿತ್ತು. ಅದಕ್ಕಿಂತ ಕಡಿಮೆ ಖರ್ಚಿನ ರಕ್ತ ಪರೀಕ್ಷೆ ನಿಜ ಹೇಳಿತು. ಭಯಪಡುವ ಅಗತ್ಯವಿಲ್ಲ, ಆದರೆ ಉಳಿದ ವಿಷಯಗಳಲ್ಲಿ ನಾನು ಸಡಿಲ ಬಿಡುವಂತಿಲ್ಲ ಎಂದರು ವೈದ್ಯರು. ಎಲ್‌ಡಿಎಲ್ ವರ್ಷಕ್ಕೊಮ್ಮೆ ನೋಡಬೇಕು. ತಂಬಾಕು ಮುಟ್ಟಬಾರದು. ಬಿ.ಪಿ. ಗಮನಿಸಬೇಕು.

ರೂಮಿನ ಉಳಿದಿಬ್ಬರು ಪ್ಯಾಕೇಜು ಮಾಡಿಸಿಯೇ ಬಿಟ್ಟಿದ್ದರು. ಇಬ್ಬರದೂ ಸೊನ್ನೆ. ಒಬ್ಬ ರಿಪೋರ್ಟನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಈಗಲೂ ದಿನಕ್ಕೆ ಆರು ಸಿಗರೇಟು ಸೇದುತ್ತಾನೆ. ಹೇಳಿದರೆ, ‘ಲೇ, ಝೀರೊ ಕಣೋ!’ ಅನ್ನುತ್ತಾನೆ.

ಹಾಗಾದರೆ ಎಲ್ಲರಿಗೂ ಮಾಡಿಸಿಬಿಡೋಣವೇ?

ಅಪ್ಪನ ಕಥೆ ಕೇಳಿದವರು ‘ಸರ್ಕಾರವೇ ಎಲ್ಲರಿಗೂ ಉಚಿತವಾಗಿ ಮಾಡಿಸಲಿ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡೆನ್ಮಾರ್ಕಿನಲ್ಲಿ 65ರಿಂದ 74ರ ವಯಸ್ಸಿನ 46,611 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಕ್ಯಾಲ್ಸಿಯಂ ಸ್ಕ್ಯಾನೂ ಸೇರಿದ ತಪಾಸಣೆಗೆ ಕರೆದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಐದು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಕರೆದ ಗುಂಪಿನಲ್ಲಿ ಶೇ 12.6 ಜನ, ಕರೆಯದ ಗುಂಪಿನಲ್ಲಿ ಶೇ 13.1 ಜನ ತೀರಿಕೊಂಡಿದ್ದರು. ಆ ಸಣ್ಣ ಅಂತರವನ್ನು ಖಚಿತ ಲಾಭವೆಂದು ಹೇಳಲು ಅಂಕಿಅಂಶ ಸಾಲಲಿಲ್ಲ. ರೋಗಲಕ್ಷಣವೇ ಇಲ್ಲದವರಿಗೆ ಈ ಸ್ಕೋರ್ ಸೇರಿಸುವ ಬಗ್ಗೆ ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆಯೂ 2018ರಲ್ಲಿ ಹೇಳಿತ್ತು. ಜೊತೆಗೆ ಹೃದಯ ನೋಡಲು ಹೋದಾಗ ಶ್ವಾಸಕೋಶದಲ್ಲಿ ಯಾವುದೋ ಸಣ್ಣ ಗಂಟು ಕಂಡು, ಅದರ ಬೆನ್ನು ಹತ್ತಿ ಇನ್ನೆರಡು ಸ್ಕ್ಯಾನ್, ನಿದ್ದೆಗೆಟ್ಟ ರಾತ್ರಿಗಳು ಎಂಬ ತಾಪತ್ರಯವೂ ಇದೆ.

ಇನ್ನು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಜನರಿಗೆ ತಮ್ಮ ಬಿ.ಪಿ. ಎಷ್ಟೆಂದೇ ಗೊತ್ತಿಲ್ಲ. ಬಿ.ಪಿ. ಪಟ್ಟಿ ಕಟ್ಟದೆ ಸಿ.ಟಿ. ಯಂತ್ರದಡಿ ಮಲಗಿಸುವುದು ಅಡಿಪಾಯ ಹಾಕದೆ ಮೂರನೇ ಮಹಡಿ ಕಟ್ಟಿದಂತೆ. ಅಪಾಯ ಹೆಚ್ಚೆಂದು ಈಗಾಗಲೇ ಗೊತ್ತಿರುವವರಿಗೂ ಸ್ಕ್ಯಾನ್ ಬೇಡ, ಅವರಿಗೆ ಚಿಕಿತ್ಸೆಯೇ ಬೇಕು. ಸ್ಕ್ಯಾನ್ ಬೇಕಿರುವುದು ನಡುವಿನವರಿಗೆ: ನಲವತ್ತು ದಾಟಿದ, ಲಕ್ಷಣವಿಲ್ಲದ, ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರಿಗೋ ರೋಗಿಗೋ ಅನುಮಾನವಿರುವ, ಉತ್ತರ ಬಂದರೆ ಅದರಂತೆ ನಡೆಯಲು ಸಿದ್ಧರಿರುವವರಿಗೆ.

ಆದ್ದರಿಂದ ನನ್ನ ಎರಡು ಒತ್ತಾಯಗಳಿವೆ. ಒಂದು, ಹೃದಯದ ಸಿ.ಟಿ. ಸ್ಕ್ಯಾನನ್ನು ವೈದ್ಯರ ಚೀಟಿಯಿಲ್ಲದೆ, ವಯಸ್ಸು ಕೇಳದೆ, ಹಬ್ಬದ ಆಫರಿನಂತೆ ಮಾರುವುದು ನಿಲ್ಲಬೇಕು. ಎರಡು, ವರದಿಯ ಜೊತೆ ಕನ್ನಡದಲ್ಲಿ ಅರ್ಧ ಪುಟದ ವಿವರಣೆ ಇರಬೇಕು. ಸೊನ್ನೆ ಎಂದರೆ ಏನಲ್ಲ, ನೂರು ದಾಟಿದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಅದರಲ್ಲಿ ಬರೆದಿರಲಿ. ಅಪ್ಪನ ವರದಿಯಲ್ಲಿ ಇಂಗ್ಲಿಷಿನ ಒಂದು ಕೋಷ್ಟಕ ಬಿಟ್ಟರೆ ಬೇರೇನೂ ಇರಲಿಲ್ಲ.

ಗೆಳೆಯರೇ, ನಾವು ಕ್ಯಾಂಪಸ್ ಸೆಲೆಕ್ಷನ್ನು, ಕೆಪಿಎಸ್‌ಸಿ, ಗೇಟ್ ಎಂದು ತಲೆಕೆಡಿಸಿಕೊಂಡಿರುವ ಈ ಹೊತ್ತಿನಲ್ಲೇ ನಮ್ಮ ಅಪ್ಪಂದಿರು, ಅಮ್ಮಂದಿರು ಐವತ್ತರ ಆಸುಪಾಸಿಗೆ ಬರುತ್ತಿದ್ದಾರೆ. ನಮ್ಮ ಫೀಸು ಕಟ್ಟುವ ಭರದಲ್ಲಿ ತಮ್ಮ ಮಾತ್ರೆಯ ಚೀಟಿಯನ್ನು ಬದಿಗಿಡುತ್ತಿದ್ದಾರೆ. ಈ ಸಲ ಊರಿಗೆ ಹೋದಾಗ ಅವರ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಎಷ್ಟೆಂದು ಕೇಳಿ. ಮನೆತನದಲ್ಲಿ ಯಾರು ಯಾವ ವಯಸ್ಸಿಗೆ ಹೇಗೆ ತೀರಿಕೊಂಡರು ಎಂದು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಸ್ಕ್ಯಾನ್ ಬೇಕೆಂದರೆ ಅವರು ಹೇಳುತ್ತಾರೆ. ಆಗಲೂ ಒಂದು ಪ್ರಶ್ನೆ ಕೇಳಿ: ‘ಇದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಏನೂ ಬದಲಾಗದಿದ್ದರೆ ಅದು ಬೇಡ.

ಇನ್ನೊಂದು ಎಚ್ಚರಿಕೆ. ಇದೆಲ್ಲ ನೋವಿಲ್ಲದಿರುವಾಗಿನ ಮಾತು. ಎದೆ ಹಿಂಡಿದಂತಾಗಿ ಬೆವರಿದರೆ ಸ್ಕ್ಯಾನ್, ಪ್ಯಾಕೇಜು, ಗ್ಯಾಸ್ಟ್ರಿಕ್ ಮಾತ್ರೆ ಎಂದು ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಓಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಚಿಕ್ಕಪ್ಪನ ಆ ರಾತ್ರಿ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ.

ಮೊನ್ನೆ ರಾತ್ರಿ ಅಪ್ಪ ಯಶವಂತಪುರದಲ್ಲಿ ಲೋಡು ಇಳಿಸಿ ಫೋನ್ ಮಾಡಿದ್ದರು. ಊಟ ಆಯ್ತಾ, ಇಂಟರ್ನಲ್ಸ್ ಹೇಗಾಯ್ತು ಎಂದೆಲ್ಲ ಕೇಳಿ, ಕೊನೆಗೆ ನಾನು ಕೇಳುವ ಮೊದಲೇ ಹೇಳಿದರು: ‘ತಗೊಂಡೆ ಕಣೋ, ತಗೊಂಡೆ. ಫೋನ್ ಇಡು, ಓದ್ಕೊ ಹೋಗು.’